ಕಾಮರ್ಸ್ ಪಾಠಕ್ಕೆ ಬರುವವರಿಗೆ ಯಾವ ಡಿಗ್ರಿ ಬೇಕು?

ಪದವಿ ಕಾಲೇಜುಗಳಿಗೆ ಅತಿಥಿ ಉಪನ್ಯಾಸಕರ ಅರ್ಜಿ ಕರೆದ ಕೂಡಲೇ ನನಗೆ ಫೋನ್ ಬರೋಕೆ ಶುರುವಾಗುತ್ತದೆ. ಹಳೆಯ ವಿದ್ಯಾರ್ಥಿಗಳು, ಅವರ ಗೆಳೆಯರು, ಗೆಳೆಯರ ತಂಗಿಯರು. "ಸರ, ನಂದು ಎಂಬಿಎ ಆಗ್ಯದ್ರಿ. ಬಿ.ಕಾಂ ಹುಡುಗರಿಗೆ ಪಾಠ ಮಾಡ್ಲಿಕ್ಕೆ ಬರ್ತದೇನ್ರಿ?" "ಎಂ.ಕಾಂ ಅಷ್ಟೇ ಅದರಿ, ಕೆಸೆಟ್ ಆಗಿಲ್ಲ, ನಡೀತದೇನ್ರಿ?" ವಿಜಯಪುರದಲ್ಲಿ ಕಾಮರ್ಸ್ ಪಾಠ ಮಾಡಿಕೊಂಡು ಬಂದವನು ನಾನು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲರಿಗೂ ಇಲ್ಲೇ ಹೇಳುತ್ತೇನೆ. ಜೊತೆಗೆ ನನ್ನದೂ ಒಂದು ಮಾತಿದೆ. ಅದು ಕೆಲವರಿಗೆ ಹಿಡಿಸಲಿಕ್ಕಿಲ್ಲ.

ಮೊದಲು ನಿಯಮ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಪ್ರಕಾರ ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಆ ವಿಷಯದಲ್ಲಿ ಶೇ 55 ಅಂಕದ ಪಿಜಿ (ಸ್ನಾತಕೋತ್ತರ ಪದವಿ) ಬೇಕು. ಮೀಸಲಾತಿಯವರಿಗೆ ಶೇ 5 ರಿಯಾಯಿತಿ ಇದೆ. ಅದರ ಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರ ಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆಸೆಟ್ ಆಗಿರಬೇಕು, ಇಲ್ಲವೇ ನಿಯಮದಂತೆ ಮಾಡಿದ ಪಿಎಚ್‌ಡಿ ಇರಬೇಕು. 2019ರಲ್ಲಿ ಯುಜಿಸಿ ಅತಿಥಿ ಉಪನ್ಯಾಸಕರಿಗೂ ಇದೇ ಅರ್ಹತೆ ಅಂತ ಹೇಳಿತು. ನೆಟ್‌ನಲ್ಲಿ ಕಾಮರ್ಸ್ ಬೇರೆ, ಮ್ಯಾನೇಜ್‌ಮೆಂಟ್ ಬೇರೆ. ಕಾಮರ್ಸ್‌ಗೆ ಕೋಡ್ 8, ಮ್ಯಾನೇಜ್‌ಮೆಂಟ್‌ಗೆ 17. ಹಾಗಾಗಿ ಎಂಬಿಎ ಮಾಡಿದವರು ಬಿಬಿಎ ಕಡೆ ನೋಡುವುದು ಒಳ್ಳೆಯದು. 2024-25ರಿಂದ ಬಿಬಿಎ, ತಾಂತ್ರಿಕ ಮತ್ತು ಮ್ಯಾನೇಜ್‌ಮೆಂಟ್ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೆಳಗೆ ಬಂದಿದೆ, ಅದನ್ನೂ ಗಮನಿಸಿ.

ಈಗ ನನ್ನ ಮಾತು. ಕಾಮರ್ಸ್‌ನಲ್ಲಿ ಪಾರ್ಟ್ ಟೈಮ್ ಪಾಠಕ್ಕೆ ಬರುವವರು ಎರಡು ತರಹದವರು. ಒಬ್ಬರಿಗೆ ಬೇರೆ ಕಸುಬಿದೆ. ಸಿಎ ಇರಬಹುದು, ಸೌಹಾರ್ದ ಸಹಕಾರಿಯ ಮ್ಯಾನೇಜರ್ ಇರಬಹುದು, ಜಿಎಸ್‌ಟಿ ರಿಟರ್ನ್ ತುಂಬುವವರು ಇರಬಹುದು. ವಾರಕ್ಕೆ ಮೂರ್ನಾಲ್ಕು ತಾಸು ಬಂದು ಹೋಗುತ್ತಾರೆ. ಇನ್ನೊಬ್ಬರಿಗೆ ಪಾಠವೇ ಕಸುಬು. ವಾರಕ್ಕೆ 15 ತಾಸು ಪಾಠ, ಇಂಟರ್ನಲ್ಸ್, ಪರೀಕ್ಷೆ ಡ್ಯೂಟಿ, ಪೇಪರ್ ತಿದ್ದುವುದು, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು, ಎಲ್ಲ ಅವರ ಮೇಲೇ. ಈ ಇಬ್ಬರಿಗೂ ನಾವು ಒಂದೇ ಅರ್ಹತೆ ಹಾಕಿದ್ದೇವೆ. ಅದರಿಂದ ಮೊದಲನೆಯವರು ಬರುವುದೇ ಇಲ್ಲ, ಎರಡನೆಯವರಿಗೆ ಅರ್ಹತೆಗೆ ತಕ್ಕ ಬೆಲೆ ಸಿಗುವುದೂ ಇಲ್ಲ.

ಪಿಜಿ ಬೇಕೇ ಬೇಕಾ ಅಂತ ಕೇಳಿದರೆ ನನ್ನ ಉತ್ತರ ಹೌದು. ಯಾಕೆ ಅನ್ನುವುದಕ್ಕೆ ನನ್ನ ಕಣ್ಣೆದುರಿನದೇ ಒಂದು ಕ್ಲಾಸಿನ ಉದಾಹರಣೆ ಕೊಡುತ್ತೇನೆ. ತಿಕೋಟಾ ಕಡೆ ಒಣದ್ರಾಕ್ಷಿ ವ್ಯವಹಾರದ ಲೆಕ್ಕ ಬರೆಯುವ ಒಬ್ಬರನ್ನು ನಮ್ಮ ಬಿ.ಕಾಂ ಮಕ್ಕಳ ಎದುರು ಮಾತಾಡಿಸಿದ್ದೆವು. ಕಾಸ್ಟಿಂಗ್‌ನಲ್ಲಿ, ಅಂದರೆ ಮಾಲಿಗೆ ಬೀಳುವ ಖರ್ಚಿನ ಲೆಕ್ಕದಲ್ಲಿ, ಪ್ರೋಸೆಸ್ ಅಕೌಂಟ್ (ತಯಾರಿಕೆಯ ಒಂದೊಂದು ಹಂತದ ಖಾತೆ) ನಡೆಯುತ್ತಿದ್ದ ಸಮಯ. ಪುಸ್ತಕದಲ್ಲಿ ಯಾವುದೋ ಕೆಮಿಕಲ್ ಕಾರ್ಖಾನೆಯ ಲೆಕ್ಕ ಇರುತ್ತದೆ, ಮಕ್ಕಳಿಗೆ ತಲೆಬುಡ ಹತ್ತುವುದಿಲ್ಲ. ಇವರು ಬೋರ್ಡಿನ ಮೇಲೆ ನೇರ ದ್ರಾಕ್ಷಿಯನ್ನೇ ಬರೆದರು. ಒಂದು ಸಾವಿರ ಕಿಲೋ ಹಸಿ ದ್ರಾಕ್ಷಿ, ಕಿಲೋಗೆ 40 ರೂಪಾಯಿ ಹಿಡಿಯಿರಿ. ಎಣ್ಣೆಯಲ್ಲಿ ಅದ್ದುವುದು, ಶೆಡ್, ಆಳು ಸೇರಿ 5,000. ಒಟ್ಟು 45,000. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಅಂದರೆ 250 ಕಿಲೋ. ಉಳಿದ 750 ಕಿಲೋ ನೀರು, ಆರಿಹೋಯಿತು. ಅದು ನಾರ್ಮಲ್ ಲಾಸ್, ಅಂದರೆ ಹೇಗಿದ್ದರೂ ಆಗೇ ಆಗುವ ನಷ್ಟ. ಕಿಲೋಗೆ ಬಿದ್ದ ಖರ್ಚು 180. ಇಡೀ ಕ್ಲಾಸ್ ಹೂಂಗುಟ್ಟಿತು. ಅರ್ಧ ಮಕ್ಕಳ ಮನೆಯಲ್ಲಿ ಶೆಡ್ ಇದೆ, ಹೂಂಗುಟ್ಟದೆ ಇರುತ್ತಾರಾ?

ಆಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು. ಮಾರ್ಚ್‌ನಲ್ಲಿ ಅಕಾಲಿಕ ಮಳೆ ಬಂದು 20 ಕಿಲೋ ಕೆಟ್ಟು 230 ಕಿಲೋ ಮಾತ್ರ ಉಳಿದರೆ ಏನು ಮಾಡುವುದು? "ಉಳಿದ ಮಾಲಿನ ಮ್ಯಾಲೇ ಹಾಕ್ತೀವಿ ತಂಗಿ, ಮತ್ತೇನ್ ಮಾಡೋದು" ಅಂದರು ಅವರು. ವ್ಯಾಪಾರದಲ್ಲಿ ಹಾಗೆ ಮಾಡುತ್ತಾರೆ ಅನ್ನುವುದು ನಿಜವೇ. ಹಿಂದಿನ ಬೆಂಚಿನಲ್ಲಿ ನಮ್ಮ ಅತಿಥಿ ಉಪನ್ಯಾಸಕಿ ಕೂತಿದ್ದರು, ಎಂ.ಕಾಂ, ಕೆಸೆಟ್ ಆದವರು. ಅವರು ಎದ್ದು ಬೋರ್ಡಿನ ಹತ್ತಿರ ಬಂದು ಹೇಳಿದರು: ಹಾಗೆ ಹಾಕಿದರೆ ಕಿಲೋಗೆ ಸುಮಾರು 196 ಆಗುತ್ತದೆ. ಮಳೆ ಬಂದ ವರ್ಷ ನಿಮ್ಮ ಕೆಲಸವೇ ದುಬಾರಿ ಅಂತ ಲೆಕ್ಕ ತೋರಿಸುತ್ತದೆ. ಆದರೆ ನಿಮ್ಮ ಕೆಲಸದಲ್ಲಿ ತಪ್ಪಿಲ್ಲ, ಮಳೆಯಿಂದ ಆಗಿದ್ದು. ಅದಕ್ಕೇ ಆ 20 ಕಿಲೋವನ್ನೂ 180ರಂತೆಯೇ ಹಿಡಿದು 3,600 ರೂಪಾಯಿಯನ್ನು ಬೇರೆ ತೆಗೆದು ಕಾಸ್ಟಿಂಗ್ ಲಾಭ-ನಷ್ಟದ ಖಾತೆಗೆ ಹಾಕುತ್ತೇವೆ. ಮಾಲಿನ ದರ 180ಕ್ಕೇ ನಿಲ್ಲುತ್ತದೆ. ಲೆಕ್ಕದವರು ತಾವೇ ಕಾಗದ ತೆಗೆದು ಬರೆದುಕೊಂಡರು.

ಒಬ್ಬರಿಗೆ ವ್ಯವಹಾರ ಹೇಗೆ ನಡೆಯುತ್ತದೆ ಗೊತ್ತು, ಇನ್ನೊಬ್ಬರಿಗೆ ಲೆಕ್ಕ ಯಾಕೆ ಹಾಗಿದೆ ಗೊತ್ತು. ಮಕ್ಕಳಿಗೆ ಎರಡೂ ಬೇಕು. ಆದರೆ ಇಡೀ ಪೇಪರ್ ಯಾರ ಕೈಗೆ ಕೊಡಬೇಕು ಅಂದರೆ, ಯಾಕೆ ಅಂತ ಹೇಳಬಲ್ಲವರ ಕೈಗೆ. ಅನುಭವ ಎಷ್ಟೇ ಇರಲಿ, ಬರೀ ಬಿ.ಕಾಂ ಮೇಲೆ ಬಿ.ಕಾಂ ಮಕ್ಕಳಿಗೆ ಇಡೀ ಸೆಮಿಸ್ಟರ್ ಪಾಠ ಮಾಡಿಸುವುದು ಸರಿಯಲ್ಲ. ಕೆಲವು ಖಾಸಗಿ ಕಾಲೇಜುಗಳು ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಅಂತ ಪಿಜಿ ಮುಗಿಯದವರನ್ನೂ ಕ್ಲಾಸಿಗೆ ಕಳಿಸುತ್ತವೆ. ಅದು ಫೀ ಕಟ್ಟಿದ ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗಂತ ಬೇರೆ ಕಸುಬಿರುವವರಿಗೂ ನೆಟ್ ಕೇಳುವುದರಲ್ಲಿ ಅರ್ಥ ಇದೆಯಾ? ನನಗೆ ಕಾಣುತ್ತಿಲ್ಲ. ನೆಟ್ ಬರೆದವರಲ್ಲಿ ಅರ್ಹರಾಗುವುದು ಶೇ 6ರಷ್ಟು ಮಂದಿ ಮಾತ್ರ. ಹತ್ತು ವರ್ಷ ಆಡಿಟ್ ಮಾಡಿದವರು ವಾರಕ್ಕೆ ನಾಲ್ಕು ತಾಸಿನ ಪಾಠಕ್ಕೆ ಆ ಪರೀಕ್ಷೆಗೆ ಕೂರುವುದಿಲ್ಲ. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಐಸಿಡಬ್ಲ್ಯುಎ (ಕಾಸ್ಟ್ ಅಕೌಂಟೆಂಟ್) ಆದವರನ್ನು ಪಿಜಿಗೆ ಸಮ ಅಂತ ಯುಜಿಸಿ 2021ರಲ್ಲೇ ಒಪ್ಪಿದೆ. 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ದಾರಿಯನ್ನೂ ತೆರೆದರು. ಅದಕ್ಕೆ ಡಿಗ್ರಿ ಕಡ್ಡಾಯ ಇಲ್ಲ, ಆದರೆ 15 ವರ್ಷದ ಅನುಭವ ಬೇಕು. ಅದು ದೊಡ್ಡ ಹುದ್ದೆಯಲ್ಲಿದ್ದ ದೊಡ್ಡವರಿಗೆ ಹೊಲಿಸಿದ ಅಂಗಿ. ಇಂಡಿ ಪಟ್ಟಣದ ಲಿಂಬೆ ವ್ಯಾಪಾರದ ಲೆಕ್ಕ ನೋಡುವವರಿಗೆ, ಬನಹಟ್ಟಿಯ ಮಗ್ಗದ ಸಹಕಾರ ಸಂಘದ ಕಾರ್ಯದರ್ಶಿಗೆ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಕಾಸ್ಟಿಂಗ್ ನೋಡುವ ಎಂ.ಕಾಂ ಹುಡುಗನಿಗೆ ಅದು ಆಗಿಬರುವುದಿಲ್ಲ. ಇಂಥವರಿಗೆ ಎಂ.ಕಾಂ, ಎಂಬಿಎ ಅಥವಾ ಸಿಎ ಇದ್ದು, ಐದು ವರ್ಷ ಕೆಲಸ ಮಾಡಿದ್ದರೆ ಸೆಮಿಸ್ಟರಿಗೆ ಒಂದೇ ಒಂದು ಪೇಪರ್ ಕೊಡಿ, ಅದೂ ಅವರ ಕಸುಬಿನದು. ನೆಟ್ ಕೇಳಬೇಡಿ. ಎಂಬಿಎ ಓದಿಸುವವರಿಗೆ ಎಐಸಿಟಿಇ ಫಸ್ಟ್ ಕ್ಲಾಸ್ ಜೊತೆ ಎರಡು ವರ್ಷದ ವೃತ್ತಿ ಅನುಭವ ಕೇಳುತ್ತದೆ ಅಲ್ವಾ? ಬಿ.ಕಾಂ ಮಕ್ಕಳಿಗೂ ಅನುಭವಸ್ಥರ ಪಾಠ ಸಿಗಲಿ.

15 ತಾಸಿನವರ ವಿಷಯ ಪೂರ್ತಿ ಬೇರೆ. ಅವರಿಂದ ನೆಟ್, ಕೆಸೆಟ್ ಕೇಳುವುದು ಸರಿ ಅಂತಲೇ ನಾನು ಹೇಳುತ್ತೇನೆ. ಕಾಯಂ ನೌಕರ ಮಾಡುವ ಕೆಲಸವನ್ನೇ ಅವರೂ ಮಾಡುತ್ತಾರೆ. ಆದರೆ ಕೇಳಿದ ಮೇಲೆ ಕೊಡಬೇಕಲ್ಲ. 2022ಕ್ಕೆ ಮುಂಚೆ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ಕೊಡುತ್ತಿದ್ದರು. 2022ರ ಜನವರಿಯಲ್ಲಿ ಅದು 26,000ದಿಂದ 32,000ಕ್ಕೆ ಏರಿತು. ಜೊತೆಗೆ ತಾಸುಗಳನ್ನೂ 15ಕ್ಕೆ ಏರಿಸಿದರು. ಇದ್ದ ಪಾಠವೇ ಕಡಿಮೆ ಜನರಿಗೆ ಹಂಚಿಹೋಗಿ ಎಷ್ಟೋ ಮಂದಿ ಹೊರಗೆ ಬಿದ್ದರು. ಅರ್ಹತೆ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಎಷ್ಟು? ಸೇವೆಯ ವರ್ಷ ಒಂದೇ ಇದ್ದರೆ ತಿಂಗಳಿಗೆ 4,000 ರೂಪಾಯಿ. ವರ್ಷಗಟ್ಟಲೆ ಓದಿ ಪಾಸಾದ ಪರೀಕ್ಷೆಗೆ ಸರ್ಕಾರ ಕಟ್ಟಿದ ಬೆಲೆ ಅದು. 2024ರ ಹೆಚ್ಚಳವೂ ಸೇವೆಯ ವರ್ಷ ನೋಡಿ ಕೊಟ್ಟಿದ್ದು.

ಯುಜಿಸಿಯ 2019ರ ಅದೇ ಕಾಗದದಲ್ಲಿ ಅತಿಥಿ ಉಪನ್ಯಾಸಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಅಂತಲೂ ಇದೆ. ನಮ್ಮಲ್ಲಿ 2022ರ ದರದ 30,000ವನ್ನು ತಿಂಗಳ 60 ತಾಸಿಗೆ ಭಾಗಿಸಿದರೆ ತಾಸಿಗೆ 500 ಬೀಳುತ್ತಿತ್ತು. ಅರ್ಹತೆಯ ಸಾಲು ಓದುವಾಗ ಯುಜಿಸಿ ಬೇಕು, ಸಂಬಳದ ಸಾಲು ಬಂದಾಗ ಬೇಡ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಇನ್ನು ಹತ್ತು ಹದಿನೈದು ವರ್ಷ ಬರೀ ಎಂ.ಕಾಂ ಮೇಲೆ ಪಾಠ ಮಾಡಿದವರು ಇದ್ದಾರೆ. ಕಾಲೇಜಿಗೆ ಮೇಷ್ಟ್ರು ಬೇಕಾದಾಗ ಅವರನ್ನು ಕರೆದಿದ್ದು ನಾವೇ. ಈಗ ಅರ್ಹತೆ ಇಲ್ಲ ಅಂತ ಒಂದೇ ಸಲಕ್ಕೆ ಕೈಬಿಡುವುದು ಮನುಷ್ಯತ್ವ ಅಲ್ಲ. ಕೆಸೆಟ್ ಪಾಸಾಗಲು ಇಷ್ಟು ವರ್ಷ ಅಂತ ಗಡುವು ಕೊಡಲಿ. ಆ ಗಡುವಿನ ತನಕ ಕೆಲಸ ಇರಲಿ. ವಿಶ್ವವಿದ್ಯಾಲಯದ ಪಿಜಿ ವಿಭಾಗಗಳು ರಜೆಯಲ್ಲಿ ಅವರಿಗೆ ಕೋಚಿಂಗ್ ನಡೆಸಲಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಇಲ್ಲಿನ ಮಹಿಳಾ ವಿಶ್ವವಿದ್ಯಾಲಯ, ಹೊಸ ಬಾಗಲಕೋಟೆ ವಿಶ್ವವಿದ್ಯಾಲಯ, ಯಾರು ಬೇಕಾದರೂ ಶುರುಮಾಡಬಹುದು.

ಫೋನ್ ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ನೆಟ್ ಜೂನ್ ಮತ್ತು ಡಿಸೆಂಬರ್ ಸುತ್ತಿಗೆ ವರ್ಷಕ್ಕೆ ಎರಡು ಸಲ ಇರುತ್ತದೆ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಎಂ.ಕಾಂ ಕೊನೆಯ ವರ್ಷದಲ್ಲಿದ್ದಾಗಲೇ ಬರೆಯಬಹುದು. ಓದಿದ್ದು ಇನ್ನೂ ತಲೆಯಲ್ಲಿ ಹಸಿಯಾಗಿರುತ್ತದೆ, ಮನೆ ಜವಾಬ್ದಾರಿ ಆಮೇಲೆ ಬರುತ್ತದೆ. ಒಂದನೇ ಪತ್ರಿಕೆಯನ್ನು ಸುಮ್ನೆ ಜನರಲ್ ನಾಲೆಜ್ ಅಂತ ಬಿಡಬೇಡಿ, ಜಾಸ್ತಿ ಜನ ಹಿಂದೆ ಬೀಳುವುದು ಅಲ್ಲೇ. ಹಳೆಯ ಪ್ರಶ್ನೆಪತ್ರಿಕೆ ನನ್ನ ಹತ್ತಿರ ಇವೆ, ಬಂದು ಜೆರಾಕ್ಸ್ ಮಾಡಿಸಿಕೊಳ್ಳಿ.