ಅಡ್ಡ ಬಿದ್ದ ಒತ್ತಕ್ಷರಗಳು

ನಮ್ಮ ಮನೆಯ ಹಳೆಯ ಟ್ಯಾಬ್ಲೆಟ್ಟು ದುಡ್ಡು ಕೊಟ್ಟ ಲೆಕ್ಕದಲ್ಲಿ ನನ್ನದಾದರೂ, ಅದರ ವಹಿವಾಟೆಲ್ಲ ಅವ್ವನದು. ಮಧ್ಯಾಹ್ನ ರೊಟ್ಟಿ ಉಂಡು, ಅದನ್ನು ತೊಗರಿಬೇಳೆಯ ಡಬ್ಬಿಗೆ ಆನಿಸಿ ನಿಲ್ಲಿಸಿ, ಪ್ರವಚನ ಕೇಳುತ್ತ ಅರ್ಧ ನಿದ್ದೆ ಮಾಡುವುದು ಅವಳ ಕ್ರಮ. ಎರಡು ಜಿಬಿ ಮೆಮೊರಿಯ ಆ ಯಂತ್ರ ತನ್ನೊಳಗಿನ ವ್ಯವಸ್ಥೆಯನ್ನು ಹೊರಲಾರದೆ ಏದುಸಿರು ಬಿಡುತ್ತಿತ್ತು. ಸ್ವಾಮಿಗಳು ಬಾಯಿ ತೆರೆದು ನಿಂತರೆ, ಮಾತು ಹೊರಡುವಷ್ಟರಲ್ಲಿ ಅವ್ವನ ಒಂದು ಸುತ್ತಿನ ನಿದ್ದೆ ಮುಗಿದಿರುತ್ತಿತ್ತು. ಹಳೆಯ ವ್ಯವಸ್ಥೆ ಕಿತ್ತು ಇದಕ್ಕೊಂದು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆ ಹಾಕಿಬಿಡುತ್ತೇನೆಂದು, ಯಾರೂ ಕೇಳದಿದ್ದರೂ, ನಾನು ಘೋಷಿಸಿದೆ. "ನಡೀಲತ್ತದಲ್ಲ, ಬಿಡು" ಎಂದಳು ಅವ್ವ. ಸರಕಾರಿ ಕಡತಗಳಲ್ಲಿ 2014ರ ನವೆಂಬರ್ 1ರಂದು ಗುಲ್ಬರ್ಗ ಹೋಗಿ ಕಲಬುರಗಿಯಾದಾಗಲೂ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಅವಳ ಬಾಯಲ್ಲಿ ಅದು ಮೊದಲಿನಿಂದಲೂ ಕಲಬುರ್ಗಿಯೇ.

ಮೊದಲ ದಿನವಿಡೀ, ಲಿನಕ್ಸ್ ತುಂಬಿಟ್ಟ ಪೆನ್‌ಡ್ರೈವು ಟ್ಯಾಬ್ಲೆಟ್ಟಿನ ಕಣ್ಣಿಗೆ ಬೀಳಲೇ ಇಲ್ಲ. ಅಪರಿಚಿತ ವ್ಯವಸ್ಥೆ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟನ್ನು ಬಂದ್ ಮಾಡಿದೆ, ಪೆನ್‌ಡ್ರೈವನ್ನು ಮೂರು ಸಲ ಹೊಸದಾಗಿ ತಯಾರಿಸಿದೆ, ಕೊನೆಗೆ ಅದರ ಬಾಯಿಗೆ ಊದಿಯೂ ನೋಡಿದೆ. ಕಾರಣ ತಿಳಿದದ್ದು ರಾತ್ರಿ. ಇಂಟೆಲ್ ಆಟಮ್ ಇರುವ ಹಲವು ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಪ್ರೊಸೆಸರು 64 ಬಿಟ್ಟಿನದಾದರೂ, ಅದನ್ನು ನಿದ್ದೆಯಿಂದ ಎಬ್ಬಿಸುವ ಯುಇಎಫ್‌ಐ ಮಾತ್ರ 32 ಬಿಟ್ಟಿನದಾಗಿರುತ್ತದೆ. ಅದು ಬೂಟ್‌ಐಎ32 ಎಂಬ ಕಡತವನ್ನು ಹುಡುಕುತ್ತದೆ. ನನ್ನ ಪೆನ್‌ಡ್ರೈವಿನಲ್ಲಿದ್ದದ್ದು ಬೂಟ್‌ಎಕ್ಸ್64 ಮಾತ್ರ. ಒಳಗೆ ಯಜಮಾನ ತಾಟು ಹಾಕಿಸಿ ಕಾಯುತ್ತಿದ್ದರೂ, ಚೀಟಿಯಲ್ಲಿ ಬೇರೆ ಹೆಸರಿದೆಯೆಂದು ಬಾಗಿಲು ಕಾಯುವವನು ಬೀಗರನ್ನು ಹೊರಗೇ ನಿಲ್ಲಿಸಿದಂತಾಗಿತ್ತು. ಈ ಬಾಗಿಲಿನ ಗುಟ್ಟು ಬಲ್ಲ ಡೆಬಿಯನ್ 12 ಎಂಬ ಲಿನಕ್ಸ್ ಬಗೆಯನ್ನು ಇಳಿಸಿಕೊಂಡ ಮೇಲೆ ಬೀಗರಿಗೆ ಪ್ರವೇಶ ಸಿಕ್ಕಿತು.

ಆದರೆ ಟ್ಯಾಬ್ಲೆಟ್ಟಿಗೆ ಇದ್ದದ್ದು ಒಂದೇ ತೂತು. ಚಾರ್ಜರೂ ಅದಕ್ಕೇ, ಪೆನ್‌ಡ್ರೈವೂ ಅದಕ್ಕೇ, ಕೀಬೋರ್ಡೂ ಅದಕ್ಕೇ. ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಹೋಗಿ ಟ್ಯಾಬ್ಲೆಟ್ಟಿಗೆ ಕೀಬೋರ್ಡು ಮುಂತಾದವನ್ನು ಜೋಡಿಸುವ ಓಟಿಜಿ ಕೇಬಲ್ಲು ಮತ್ತು ನಾಲ್ಕು ತೂತಿನ ಯುಎಸ್‌ಬಿ ಹಬ್ ಕೇಳಿದಾಗ, ಅಂಗಡಿಯವರು ನನ್ನ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ಮುದಿ ಎತ್ತನ್ನು ನೋಡುವಂತೆ ನೋಡಿ, "ಇದಕ್ಕ ಯಾಕ್ರೀ ಇಷ್ಟ್ ಖರ್ಚು? ಹೊಸಾದೇ ತಗೋರಿ ಸರ" ಎಂದರು. ಕೇಬಲ್ಲನ್ನು ಮಾತ್ರ ಚೌಕಾಸಿಗೆ ಆಸ್ಪದವಿಲ್ಲದಂತೆ ಮಾರಿದರು.

ಇನ್‌ಸ್ಟಾಲರಿನಲ್ಲಿ ನಾನು ಅಭಿಮಾನದಿಂದ ಕನ್ನಡವನ್ನೇ ಆರಿಸಿಕೊಂಡೆ. ಈ ಟ್ಯಾಬ್ಲೆಟ್ಟಿನ ಪರದೆ ಹುಟ್ಟಿನಿಂದ ನಿಂತ ಪರದೆಯಾದ್ದರಿಂದ, ಅಡ್ಡ ಹಿಡಿದ ಟ್ಯಾಬ್ಲೆಟ್ಟಿನಲ್ಲಿ ಇಡೀ ಕನ್ನಡ ಮಗ್ಗುಲಾಗಿ ಮಲಗಿಕೊಂಡಿತು. ಕೆಳಗೆ ಇರಬೇಕಾದ ಒತ್ತಕ್ಷರಗಳೆಲ್ಲ ಅಕ್ಷರದ ಪಕ್ಕದಲ್ಲಿ ಪಂಕ್ತಿಗೆ ಕುಳಿತಿದ್ದವು. ತಲೆಕಟ್ಟುಗಳು ಗೋಡೆಗೆ ಒರಗಿದ್ದವು. ಟ್ಯಾಬ್ಲೆಟ್ಟನ್ನೇ ತಿರುಗಿಸೋಣವೆಂದರೆ ಕೇಬಲ್ಲು ಸಡಿಲವಾಗಿ ಕೀಬೋರ್ಡು ಸಾಯುತ್ತಿತ್ತು. ಹಾಗಾಗಿ ನಾನೇ ಚಾಪೆಯ ಮೇಲೆ ಅಡ್ಡಲಾಗಿ ಒರಗಿ, ಕೈ ಚಾಚಿ ಟೈಪು ಮಾಡತೊಡಗಿದೆ. ಹಾದುಹೋದ ನನ್ನಾಕೆ "ಕುತ್ತಿಗಿ ಹಿಡದದೇನ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಣ್ಣೆ ಬಿಸಿ ಮಾಡಲು ಹೋದಳು.

2023ರ ಜೂನ್‌ನಲ್ಲಿ ಬಂದ ಈ 12ನೆಯ ಆವೃತ್ತಿಯಿಂದ, ವೈಫೈ ಚಿಪ್ಪುಗಳನ್ನು ನಡೆಸಲು ಬೇಕಾಗುವ, ಕಂಪನಿಗಳು ಒಳಗುಟ್ಟು ಬಿಟ್ಟುಕೊಡದ ಮುಕ್ತವಲ್ಲದ ತಂತ್ರಾಂಶವಾದ ಫರ್ಮ್‌ವೇರನ್ನೂ ಡೆಬಿಯನ್ ತನ್ನ ಅಧಿಕೃತ ಪ್ರತಿಯಲ್ಲೇ ಸೇರಿಸಿದೆ. ಮುಕ್ತ ತಂತ್ರಾಂಶದ ಮಡಿವಂತರಿಗೆ ಇದು ಹಿಡಿಸದಿರಬಹುದು. ಒಂದೇ ತೂತಿನವನಾದ ನಾನಂತೂ ಕೈ ಮುಗಿದೆ. ವೈಫೈ ಸಿಕ್ಕಿತು, ಪ್ಯಾಕೇಜುಗಳು ಇಳಿಯತೊಡಗಿದವು, ಕರೆಂಟು ಹೋಯಿತು. ಮೇ ತಿಂಗಳ ಕಲಬುರಗಿಯಲ್ಲಿ ಕರೆಂಟು ಹೋದರೆ ಮೊದಲು ನಿಲ್ಲುವುದು ಫ್ಯಾನು, ಆಮೇಲೆ ತಾಳ್ಮೆ. ಬ್ಯಾಟರಿಯಿದ್ದ ಟ್ಯಾಬ್ಲೆಟ್ಟು ಬದುಕಿತು, ರೌಟರು ಸತ್ತಿತು. ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, ಬೆವರಿನ ಬೆರಳಲ್ಲಿ ಪಾಸ್‌ವರ್ಡ್ ಒತ್ತಿ ಮುಂದುವರಿದೆ. ಇನ್‌ಸ್ಟಾಲರು ಎಷ್ಟು ಶೇಕಡ ಕೆಲಸವಾಯಿತೆಂದು ತೋರಿಸುತ್ತದೆಯೇ ಹೊರತು ಎಷ್ಟು ಶೇಕಡ ಬ್ಯಾಟರಿ ಉಳಿಯಿತೆಂದು ತೋರಿಸುವುದಿಲ್ಲ. ಪೆನ್‌ಡ್ರೈವು, ಕೀಬೋರ್ಡು, ಮೌಸು ಮೂರೂ ಅದೇ ಬ್ಯಾಟರಿಯ ರಕ್ತ ಹೀರುತ್ತಿದ್ದವು. ಕೆಲಸ 87ಕ್ಕೆ ಬಂದಾಗ ಪರದೆ ಕಪ್ಪಾಯಿತು. ಎಣ್ಣೆ ಬಿಸಿಯಾಗಿತ್ತು, ಹಚ್ಚಿಸಿಕೊಂಡೆ.

ಎರಡನೆಯ ಸಲ, ತುಂಬ ಚಾರ್ಜು ಮಾಡಿ, ಮೌಸನ್ನು ಉಪವಾಸ ಕೆಡವಿ, ನಡುರಾತ್ರಿ ಕುಳಿತದ್ದರಿಂದ ಕೆಲಸ ಮುಗಿಯಿತು. ಪರದೆಯನ್ನು ನೆಟ್ಟಗೆ ಮಾಡಿದೆ. ಆಗ ಬೆರಳು ತಿರುಗಿಬಿತ್ತು. ಬಲಮೇಲೆ ಮುಟ್ಟಿದರೆ ಎಡಕೆಳಗೆ ತಗಲುತ್ತಿತ್ತು. ಇದನ್ನು ಸರಿಪಡಿಸುವ ಮೊದಲೇ ಅವ್ವ ಟ್ಯಾಬ್ಲೆಟ್ಟನ್ನು ಒಯ್ದು ಬೇಳೆ ಡಬ್ಬಿಗೆ ಆನಿಸಿದ್ದಳು.

ಮೂರು ದಿನಗಳ ಬಳಿಕ ಮದ್ದು ಗೊತ್ತಾಯಿತು. ಬೆರಳಿನ ಲೆಕ್ಕವೆಲ್ಲ ಆರು ಅಂಕಿಗಳಲ್ಲಿದೆ: 1 0 0 0 1 0 ಎಂದಿದ್ದರೆ ಸ್ಪರ್ಶವನ್ನು ಬಂದಂತೆಯೇ ಒಪ್ಪಿಕೊಳ್ಳುತ್ತದೆ, -1 0 1 0 -1 1 ಎಂದು ಬರೆದರೆ ಪೂರ್ತಿ ತಿರುವುಹಾಕುತ್ತದೆ. ಅವ್ವ ಮಲಗಿದ್ದಾಗ ಅಂಕಿಗಳನ್ನು ಬರೆದಿಟ್ಟೆ. ಮುಟ್ಟಿದಲ್ಲೇ ಮುಟ್ಟಿತು. ಅಂದು ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಊಟವಾದ ಮೇಲೆ ಅವ್ವನ ಬೆರಳು ರೂಢಿಯಂತೆ ಎಡಕೆಳಗಿನ ಮೂಲೆಗೆ ಹೋಯಿತು. ಮತ್ತೊಮ್ಮೆ ಹೋಯಿತು. ಸ್ವಾಮಿಗಳು ಬರಲಿಲ್ಲ.

"ಮೂರು ದಿನ ಎಷ್ಟ್ ಛಂದ ನಡೀಲತ್ತಿತ್ತು! ನೀ ಮತ್ತ ಕೈ ಹಚ್ಚಿದಿ ಏನು? ಈಗ ಖರೇನೇ ಕೆಟ್ಟದ ನೋಡು."

ಹಳೆಯ ಅಂಕಿಗಳನ್ನು ಮತ್ತೆ ಬರೆಯೋಣವೆಂದು ಕೀಬೋರ್ಡು ತಂದೆ. ತೂತಿನಲ್ಲಿ ಚಾರ್ಜರಿತ್ತು, ಬ್ಯಾಟರಿ ಎರಡು ಶೇಕಡದಲ್ಲಿತ್ತು.