ಸಾಂಬಾರೋ, ಪಾಯಸವೋ

ಇವತ್ತು ಬೆಳಿಗ್ಗೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸುತ್ತೋಲೆ ಬಂತು. ವಾರ್ಷಿಕ ಅಡುಗೆ ಸ್ಪರ್ಧೆ, ಎಲ್ಲರೂ ಸೇರಲೇಬೇಕು, ಈ ವರ್ಷದಿಂದ ಬೆಂಕಿ ಬಳಸುವಂತಿಲ್ಲ. ಗ್ಯಾಸ್ ಇಲ್ಲ, ಇಂಡಕ್ಷನ್ ಇಲ್ಲ, ಮನೆಯಲ್ಲಿ ಬೇಯಿಸಿ ತರುವ ಹಾಗೂ ಇಲ್ಲ. ಅಮ್ಮನಿಗೆ ಓದಿ ಹೇಳಿದೆ. "ಯಾಕೆ, ಅಂದು ಏಕಾದಶಿಯಾ?" ಅಂದಳು.

ನನಗೆ ಸಿಟ್ಟು ಬಂದದ್ದು ಯಾಕೆಂದರೆ, ಈ ಸ್ಪರ್ಧೆ ಹುಟ್ಟಿದ್ದೇ ನಮ್ಮ ಮನೆಯ ಒಲೆಯ ಮೇಲೆ. ಸುತ್ತೋಲೆಯಲ್ಲಿ 'ನೌಕರರ ಒಗ್ಗಟ್ಟಿಗಾಗಿ ಶುರುವಾದ ಪರಂಪರೆ' ಎಂದು ಬರೆದಿದ್ದಾರೆ. ಶುದ್ಧ ಸುಳ್ಳು. ಶುರುವಾದದ್ದು ಜಗಳದಿಂದ.

14 ವರ್ಷದ ಹಿಂದಿನ ಮಾತು. ಆಗಿನ ಮ್ಯಾನೇಜರ್ ಕಣ್ಣೂರಿನವರು. ಒಂದು ಮಧ್ಯಾಹ್ನ ನನ್ನ ಬುತ್ತಿಯಿಂದ ಒಂದು ಚಮಚ ಸೌತೆಕಾಯಿ ಸಾಂಬಾರು ತೆಗೆದು ಬಾಯಿಗೆ ಹಾಕಿದರು. ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. "ಇದು ಸಾಂಬಾರೋ, ಪಾಯಸಮೋ?" ಅಂದರು.

ಅವರ ಕಡೆಯೂ ತೆಂಗಿನಕಾಯಿ ಹುರಿದು ಅರೆದೇ ಸಾಂಬಾರು ಮಾಡುತ್ತಾರೆ, ನಮ್ಮ ಕಾಸರಗೋಡಿನಲ್ಲೂ ಹಾಗೇ. ನಡುವೆ ಇರುವುದು ಒಂದು ನೆಲ್ಲಿಕಾಯಿ ಗಾತ್ರದ ಬೆಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ನಮ್ಮ ಬೆಲ್ಲ ಸೇರಲಿಲ್ಲ. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಅಂದಿತ್ತು. ಅದು ಕಾಗದದಲ್ಲೇ ಉಳಿಯಿತು. ನಮ್ಮ ಊಟದ ಮೇಜಿನಲ್ಲಿ ಮಾತ್ರ ಆ ಮಧ್ಯಾಹ್ನವೇ ಜಾರಿಗೆ ಬಂತು. ಬೆಲ್ಲದವರು ಈಚೆ, ಬೆಲ್ಲ ಇಲ್ಲದವರು ಆಚೆ. ಕಡೆಗೆ ಅಕೌಂಟ್ಸಿನ ಅಕ್ಕ, "ಮಾತು ಸಾಕು, ಎಲ್ಲರೂ ಮಾಡಿ ತನ್ನಿ, ರುಚಿ ನೋಡುವ" ಅಂದರು. ಪರಂಪರೆ ಅಂದರೆ ಇಷ್ಟೇ.

ಮೊದಲ ವರ್ಷ ಮೂರೇ ಜನ, ಮೂರೂ ಸಾಂಬಾರು. ತೀರ್ಪುಗಾರರು ಅದೇ ಮ್ಯಾನೇಜರ್. ನಾನೋ ನೀರ್ಚಾಲು ಕಡೆಯವ, ಓದಿದ್ದು ಕನ್ನಡ ಮೀಡಿಯಂ. ನನ್ನ ಮಲಯಾಳಂ ಆಗ ಬಸ್ಸಿನ ಬೋರ್ಡು ಓದುವಷ್ಟು. ಅವರು ನನ್ನ ಸಾಂಬಾರು ನೆಕ್ಕಿ, "ವೆಲ್ಲಂ ಉಂಡಾ?" ಅಂದರು. ಪಾಪ, ಬಾಯಾರಿಕೆ ಅಂತ ಓಡಿಹೋಗಿ ಒಂದು ಲೋಟ ನೀರು ತಂದೆ. ಸಂಕೋಚದ ಮನುಷ್ಯ, ಕುಡಿದರು. ಇನ್ನೊಂದು ಚಮಚ ಹಾಕಿಕೊಂಡು, "ವೆಲ್ಲಂ ಉಂಡು, ಉಂಡು" ಎಂದು ತಲೆ ಅಲ್ಲಾಡಿಸಿದರು. ಇನ್ನೊಂದು ಲೋಟ ತಂದೆ. ಅದನ್ನೂ ಕುಡಿದರು. ಮೂರನೇ ಸಲ ಜೋರಾಗಿ "ವೆಲ್ಲಂ!" ಅಂದಾಗ ನಾನು ಕೂಜವನ್ನೇ ತಂದು ಎದುರಿಗಿಟ್ಟೆ. ಇಡೀ ಆಫೀಸು, ಇವನ ಸಾಂಬಾರು ಅಷ್ಟೂ ಖಾರವಾ ಅಂತ ನೋಡುತ್ತಿತ್ತು. ಆಗ ಡ್ರೈವರಣ್ಣ ಕಿವಿಯಲ್ಲಿ ಹೇಳಿದ: "ಮಾರಾಯ್ರೇ, ನೀರಿಗೆ ಹೇಳುವುದು ವೆಳ್ಳಂ. ವೆಲ್ಲಂ ಅಂದ್ರೆ ಬೆಲ್ಲ."

ನನಗೆ ಮೂರನೇ ಬಹುಮಾನ ಬಂತು. ಮೂರು ಜನರಲ್ಲಿ.

ಆಮೇಲೆ ವರ್ಷ ವರ್ಷವೂ ಅವರೇ ತೀರ್ಪುಗಾರರು. ಉಪ್ಪಿನಕಾಯಿಯಲ್ಲೂ ಬೆಲ್ಲ ಹುಡುಕಿದರು, ಒಮ್ಮೆ ಮಜ್ಜಿಗೆಯಲ್ಲೂ. ಅವರ ನಿವೃತ್ತಿಯ ದಿನ ಅಮ್ಮ ಒಂದು ಕ್ಯಾರಿಯರ್ ತುಂಬ ಸಾಂಬಾರು ಕಳಿಸಿದಳು. ಅವರಿಗೆ ಇಷ್ಟವಾಗಲಿ ಅಂತ ಬೆಲ್ಲ ಹಾಕಿರಲಿಲ್ಲ. ಎರಡು ಸಲ ಬಡಿಸಿಕೊಂಡರು, ಫ್ಯಾನ್ ನೋಡಿದರು, ತಮ್ಮ ಹರಕು ಕನ್ನಡದಲ್ಲಿ, "ಇವತ್ತು ಏನೋ ಕಮ್ಮಿ ಉಂಟಲ್ಲಾ" ಅಂದರು.

ಈಗಿನ ತೀರ್ಪುಗಾರರು ಫೋಟೋ ತೆಗೆಯುತ್ತಾರೆ. ಹೋದ ವರ್ಷ ಗೆದ್ದದ್ದು ಕಲ್ಲಂಗಡಿಯಲ್ಲಿ ಕೆತ್ತಿದ ಹಂಸ. ಅದನ್ನು ಯಾರೂ ತಿನ್ನಲಿಲ್ಲ, ಸಂಜೆ ಇರುವೆ ಬಂತು.

ಅಮ್ಮ ಮಾತ್ರ ಸೋಲುವವಳಲ್ಲ. ಒಲೆ ಬೇಡದ ಬೆಲ್ಲ ಅವಲಕ್ಕಿ ಅಂತ ಆಗಲೇ ನಿರ್ಧಾರ ಮಾಡಿ, ಅಚ್ಚು ಬೆಲ್ಲ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಫಾರಂನಲ್ಲಿ ಪ್ರತಿಯೊಂದರ ತೂಕ ಗ್ರಾಂ ಲೆಕ್ಕದಲ್ಲಿ ಬರೆಯಬೇಕಂತೆ. ನಮ್ಮ ಮನೆಯಲ್ಲಿರುವುದು ಅಡಿಕೆ ತೂಗುವ ತಕ್ಕಡಿ. ಅದರಲ್ಲಿ ಅರ್ಧ ಕಿಲೋದಿಂದ ಕೆಳಗೆ ಕಲ್ಲೇ ಇಲ್ಲ.