ಮಾತಾಡಿಸಲು ಯಾರೂ ಹೋಗದ ಮನೆಗಳು

"ನಮಗೇನು ಬಿಡಿ, ಮಲೆನಾಡಿನವರಿಗೆ ಲಾಕ್‌ಡೌನ್ ಬಿಸಿ ತಟ್ಟಲೇ ಇಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ಅರ್ಧ ಮೈಲಿ. ಸುತ್ತ ತೋಟ, ಒಳ್ಳೆ ಗಾಳಿ." ಕೊರೊನಾ ಕಾಲದ ಮಾತು ಬಂದಾಗೆಲ್ಲ ನಮ್ಮ ಕಡೆ ಯಾರಾದರೊಬ್ಬರು ಹೀಗೆ ಹೇಳೇ ಹೇಳುತ್ತಾರೆ. ಮೊನ್ನೆ ಒಂದು ಮದುವೆ ಮನೆಯಲ್ಲೂ ಇದೇ ಮಾತು ಕೇಳಿದೆ. ಅಲ್ಲಿ ವಾದ ಮಾಡುವುದು ಬೇಡ ಅಂತ ಸುಮ್ಮನಿದ್ದೆ, ಇಲ್ಲಿ ಬರೆಯುತ್ತಿದ್ದೇನೆ. ನಾನು ಇದನ್ನು ಒಪ್ಪುವುದಿಲ್ಲ.

ಊಟಕ್ಕೆ ತೊಂದರೆ ಆಗಲಿಲ್ಲ ಅನ್ನುವುದು ಎಷ್ಟೋ ಮನೆಗಳ ಮಟ್ಟಿಗೆ ನಿಜ. ಅಕ್ಕಿ, ಕಾಯಿ, ಹಾಲು ಮನೆಯಲ್ಲೇ ಇತ್ತು. 2020ರ ಏಪ್ರಿಲ್ ಮುಗಿಯುವಾಗಲೂ ಶಿವಮೊಗ್ಗ ಜಿಲ್ಲೆ ಹಸಿರು ವಲಯದಲ್ಲಿತ್ತು. ಬೆಂಗಳೂರಿನಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಇದ್ದವರ ಪಾಡು ನಮ್ಮದಲ್ಲ. ಕೂಲಿಯನ್ನೇ ನಂಬಿದವರ ಕಷ್ಟ ನಮ್ಮಲ್ಲೂ ದೊಡ್ಡದೇ ಇತ್ತು, ಅದನ್ನು ಬೇರೆಯಾಗಿಯೇ ಬರೆಯಬೇಕು. ಆದರೆ ಒಂಟಿ ಮನೆಯಲ್ಲಿ ಇರುವವರು ನೆಮ್ಮದಿಯಾಗಿದ್ದರು ಅನ್ನುವುದು ಒಂಟಿ ಮನೆಯ ಬದುಕು ಗೊತ್ತಿಲ್ಲದವರ ಮಾತು. ಒಂಟಿ ಮನೆ ನಡೆಯುವುದೇ ಬಂದು ಹೋಗುವವರಿಂದ. ಮುಯ್ಯಾಳಿಗೆ (ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಗುವುದು) ಬರುವವರು, ಹಾಲಿನ ಡೈರಿ ಹತ್ತಿರ ಸಿಗುವವರು, ಸೊಸೈಟಿಗೆ ಹೋದಾಗ ಅರ್ಧ ಗಂಟೆ ಹರಟುವವರು, ರಾತ್ರಿ ಯಕ್ಷಗಾನದ ಆಟಕ್ಕೆ ಜೊತೆಯಾಗಿ ಹೋಗುವವರು. ಇದೆಲ್ಲ ಒಂದೇ ಸಲ ನಿಂತಿತು. ಪೇಟೆಯ ಮನೆಯಲ್ಲಿ ಕಿಟಕಿ ತೆಗೆದರೆ ಎದುರು ಮನೆಯವರ ಮುಖವಾದರೂ ಕಾಣುತ್ತದೆ. ನಮ್ಮಲ್ಲಿ ಕಿಟಕಿ ತೆಗೆದರೆ ಕಾಣುವುದು ಅಡಿಕೆ ಮರ.

ನಿಂತು ಹೋದದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಸಾವಿನ ಮನೆಗೆ ಮಾತಾಡಿಸಲು ಹೋಗುವುದು. ನಮ್ಮ ಕಡೆ ಇದು ಎಷ್ಟು ಮುಖ್ಯ ಅಂತ ನಿಮಗೆ ಗೊತ್ತೇ ಇದೆ. ಮದುವೆಗೆ ಹೋಗದಿದ್ದರೆ ನಡೆಯುತ್ತದೆ, ಸಾವಿನ ಮನೆಗೆ ಹೋಗದಿದ್ದರೆ ನಡೆಯುವುದಿಲ್ಲ. ಹದಿಮೂರು ದಿನವೂ ಜನ ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಏನಾಯ್ತು?" ಮನೆಯವರು ಮೊದಲಿಂದ ಹೇಳುತ್ತಾರೆ. ಯಾವತ್ತು ಜ್ವರ ಬಂತು, ರಾತ್ರಿ ಏನು ಉಂಡಿದ್ದರು, ಯಾರ ಜೀಪಿನಲ್ಲಿ ಕರೆದುಕೊಂಡು ಹೋದದ್ದು, ಕೊನೆಗೆ ಏನು ಹೇಳಿದರು. ಮೊದಲ ದಿನ ಈ ಕಥೆ ಪೂರ್ತಿ ಹೇಳಲು ಆಗುವುದಿಲ್ಲ, ನಡುವೆ ಅಳು ಬರುತ್ತದೆ. ನಾಲ್ಕನೇ ದಿನ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಹೊತ್ತಿಗೆ ಅಷ್ಟನ್ನೂ ಹೇಳುವಷ್ಟು ಗಟ್ಟಿಯಾಗಿರುತ್ತಾರೆ. ಆಪ್ತಸಮಾಲೋಚನೆ ಅಂತ ನಾವು ಅದನ್ನು ಕರೆಯಲಿಲ್ಲ, ಆದರೆ ಅದು ಆ ಕೆಲಸವನ್ನೇ ಮಾಡುತ್ತಿತ್ತು.

ನನ್ನ ದೊಡ್ಡಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ. ಆಸ್ಪತ್ರೆ ಇದ್ದದ್ದು ಶಿವಮೊಗ್ಗದಲ್ಲಿ, ಮನೆ ಹೊಸನಗರ ತಾಲೂಕಿನ ಒಳಗೆ. ದೊಡ್ಡಮ್ಮನಿಗೂ ಪಾಸಿಟಿವ್ ಬಂದಿತ್ತು. ಅವರು ಉಪ್ಪರಿಗೆಯಲ್ಲಿ ಒಬ್ಬರೇ ಇದ್ದರು, ಮನೆಯವರು ಮೆಟ್ಟಿಲ ಮೇಲೆ ಊಟ ಇಟ್ಟು ಬರುತ್ತಿದ್ದರು. ಗಂಡನ ಮುಖವನ್ನು ಫೋನಿನಲ್ಲಿ ತೋರಿಸಿದರು, ಅಷ್ಟೇ. ಸಂಸ್ಕಾರಕ್ಕೆ ಐದೇ ಜನ ಅಂತ ಆಗ ನಿಯಮ ಇತ್ತು. ಬೊಜ್ಜ ನಾಲ್ಕೈದು ಜನರಲ್ಲಿ ಮುಗಿಯಿತು. ಆಮೇಲೆ ಮಳೆ ಹಿಡಿಯಿತು. ಮಲೆನಾಡಿನ ಜೂನ್ ಅಂದರೆ ಗೊತ್ತಲ್ಲ, ಕರೆಂಟಿಲ್ಲ, ಫೋನಿಲ್ಲ, ಹೊರಗೆ ಕಾಲಿಡುವ ಹಾಗಿಲ್ಲ.

ಫೋನ್ ಸಿಕ್ಕಾಗ ನೆಂಟರು ಕರೆ ಮಾಡುತ್ತಿದ್ದರು. ದೊಡ್ಡಮ್ಮ ಆಮೇಲೊಮ್ಮೆ ನನಗೆ ಹೇಳಿದರು: "ಎಲ್ಲರೂ ಕೇಳಿದ್ದು ಒಂದೇ ಮಾರಾಯ, ಎಲ್ಲಿಂದ ಅಂಟಿತು ಅಂತ. ಅವರು ಹೇಗಿದ್ದರು ಅಂತ ಒಬ್ಬರೂ ಕೇಳಲಿಲ್ಲ."

ಆ ಪ್ರಶ್ನೆ ಅವರನ್ನು ಒಳಗೊಳಗೇ ಕೊರೆಯಿತು. ಪೇಟೆಗೆ ಸಾಮಾನು ತರಲು ಹೋದದ್ದು ತಾನಲ್ವಾ, ತನ್ನಿಂದಲೇ ಬಂತಾ ಅಂತ. ವರ್ಷ ಕಳೆದರೂ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಗೋಡೆಯ ಗೂಡಿನಲ್ಲೇ ಇತ್ತು, ದೇವರ ಕುಂಕುಮದ ಭರಣಿ ಪಕ್ಕ. ರಾತ್ರಿ ಎದ್ದು ಬೆರಳಿಗೆ ಹಾಕಿ ನೋಡುತ್ತಿದ್ದರು. 97, 98 ಬಂದರೂ ನಂಬಿಕೆ ಬರುತ್ತಿರಲಿಲ್ಲ, ಇನ್ನೊಂದು ಬೆರಳಿಗೆ ಹಾಕುತ್ತಿದ್ದರು. ಎದೆ ಡವಡವ, ಕೈಕಾಲು ಜೋಮು, ಉಂಡದ್ದು ಸೇರುವುದಿಲ್ಲ. ಇಸಿಜಿ ಆಯಿತು, ಗ್ಯಾಸ್ಟ್ರಿಕ್ ಮಾತ್ರೆ ಆಯಿತು, ಸ್ಕ್ಯಾನಿಂಗೂ ಆಯಿತು. ಎಲ್ಲಾ ನಾರ್ಮಲ್ ಅಂತ ರಿಪೋರ್ಟ್. ರಿಪೋರ್ಟ್ ನಾರ್ಮಲ್ ಬಂದ ಮೇಲೆ ಮನೆಯವರಿಗೂ ಸಣ್ಣಗೆ ಬೇಸರ ಶುರುವಾಯಿತು. "ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಅಂದರು. ಕೊನೆಗೆ ತಾಲೂಕು ಆಸ್ಪತ್ರೆಯ ವೈದ್ಯರೊಬ್ಬರು "ರಾತ್ರಿ ನಿದ್ದೆ ಹೇಗಮ್ಮ?" ಅಂತ ಕೇಳಿದ್ದಕ್ಕೆ ದೊಡ್ಡಮ್ಮ ಅಲ್ಲೇ ಕೂತು ಅತ್ತುಬಿಟ್ಟರು. ಮನೋವೈದ್ಯರ ಹತ್ತಿರ ಹೋದದ್ದು ಆಮೇಲೆ. ಮಾತ್ರೆ, ಮಾತು ಎರಡೂ ಸೇರಿ ಈಗ ಸುಮಾರು ಸುಧಾರಿಸಿದ್ದಾರೆ.

ನಮ್ಮ ಮನೆಯೊಂದರಲ್ಲೇ ಆದ ಕಥೆ ಅಲ್ಲ ಇದು. ಮೊದಲ ಒಂದು ವರ್ಷದಲ್ಲೇ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ 25% ಹೆಚ್ಚಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹೆಂಗಸರಿಗೆ ಮತ್ತು ಚಿಕ್ಕ ವಯಸ್ಸಿನವರಿಗೆ ಪೆಟ್ಟು ಜಾಸ್ತಿ ಬಿದ್ದಿತ್ತು. ಇನ್ನು ನಮ್ಮ ದೇಶದ ಲೆಕ್ಕ ನೋಡಿ. ಕೊರೊನಾಕ್ಕಿಂತ ಮೊದಲೇ, 2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ 80%ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮೊದಲೇ ಇಷ್ಟು ಕೊರತೆ ಇದ್ದ ಊರಿಗೆ ಈ ಮಹಾಮಾರಿ ಬಂದದ್ದು.

ಹಾಗಂತ ಆಗ ಹೆದರಿದವರೆಲ್ಲ ಕಾಯಿಲೆಯವರು ಅಂತ ನಾನು ಹೇಳುತ್ತಿಲ್ಲ. ಅಂಥ ಹೊತ್ತಿನಲ್ಲಿ ನಿದ್ದೆ ಕೆಡುವುದು, ಸುಮ್ಮನೆ ಸಿಟ್ಟು ಬರುವುದು ಸಹಜ. ಹೆಚ್ಚಿನವರು ದಿನ ಕಳೆದಂತೆ ಸರಿಹೋದರು. ಸರಿಹೋಗದೆ ಉಳಿದವರ ಬಗ್ಗೆ ನನ್ನ ಚಿಂತೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂತಾದರೆ ವೈದ್ಯರನ್ನು ನೋಡಲೇಬೇಕು. "ಧೈರ್ಯ ತಗೊಳ್ಳಿ" ಅಂತ ಹೇಳಿ ಕಳಿಸಿದರೆ ಅವರು ಮುಂದಿನ ಸಲ ನಿಮ್ಮ ಹತ್ತಿರ ಬಾಯಿಯೇ ಬಿಡುವುದಿಲ್ಲ.

ಮಲೆನಾಡಿಗೆ ಕಾಯಿಲೆಯ ಭಯ ಹೊಸದಲ್ಲ ಅಂತ ಇನ್ನೊಂದು ವಾದ ಇದೆ. ನಿಜ, ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಶುರುವಿನಲ್ಲಿ ಸಾಗರ ತಾಲೂಕಿನ ಅರಲಗೋಡು ಸುತ್ತಮುತ್ತ ಹಲವರು ಅದಕ್ಕೇ ತೀರಿಕೊಂಡರು. ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗಲು ಹೆದರಿಕೆ, ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಇಡೀ ಊರಿಗೆ ಹೆದರಿಕೆ. ಆದರೆ ಅದು ಉಣುಗಿನಿಂದ (ಉಣ್ಣೆ ಹುಳದಿಂದ) ಬರುವ ಕಾಯಿಲೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜ್ವರದವರ ಪಕ್ಕ ಕೂರಬಹುದಿತ್ತು, ಕೈ ಹಿಡಿಯಬಹುದಿತ್ತು, ಸತ್ತರೆ ಹೆಗಲು ಕೊಡಬಹುದಿತ್ತು. ಕಾಡಿನ ಮೇಲೆ ಭಯ ಇತ್ತು, ಜನರ ಮೇಲೆ ಇರಲಿಲ್ಲ. ಕೊರೊನಾ ನಮ್ಮನ್ನು ನಮ್ಮವರ ಮೇಲೆಯೇ ಹೆದರುವಂತೆ ಮಾಡಿತು. ಬೆಂಗಳೂರಿಂದ ಬಂದ ಮಗನನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದ ತಾಯಂದಿರಿದ್ದಾರೆ. ರಸ್ತೆಗೆ ಮರ ಅಡ್ಡ ಹಾಕಿದ ಊರುಗಳಿದ್ದವು. ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ, ಕೈಗೆ ಸೀಲು. ಚೀಟಿ ಕಿತ್ತ ಮೇಲೂ ಆ ಮನೆಯ ಹಾಲು ಬೇಡ ಅಂದವರಿದ್ದರು. ಹಾಗೆ ನಡೆಸಿಕೊಂಡದ್ದನ್ನು ಆ ಮನೆಯವರು ಮರೆತಿಲ್ಲ, ಇವತ್ತಿಗೂ ಮಾತು ಬಿಟ್ಟ ಮನೆಗಳು ನನಗೆ ಗೊತ್ತು.

ಈ ಎಲ್ಲದರ ನಡುವೆ ಮನೆ ಮನೆಗೆ ಹೋದವರು ಆಶಾ ಕಾರ್ಯಕರ್ತೆಯರು. ಕೆಲವು ಕಡೆ ಬಾಗಿಲು ತೆಗೆಯಲಿಲ್ಲ, ಕೆಲವು ಕಡೆ ಬೈದು ಕಳಿಸಿದರು. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಅವರು ಮುಷ್ಕರ ಮಾಡಬೇಕಾಯಿತು. ಅವರ ಮನಸ್ಸಿನ ಕಥೆ ಕೇಳಿದವರು ಯಾರು?

ಹಾಗಾದರೆ ಈಗ ಏನು ಮಾಡೋಣ? ನನ್ನ ಅಭಿಪ್ರಾಯ ಹೇಳುತ್ತೇನೆ. ಆಗ ಹೋಗಲಾಗದ ಮನೆಗಳಿಗೆ ಈಗ ಹೋಗಬೇಕು. ಇಷ್ಟು ವರ್ಷದ ಮೇಲೆ ಹೇಗೆ ಹೋಗುವುದು ಅಂತ ಮುಜುಗರ ಬೇಡ. ಒಂದು ಕೊನೆ ಬಾಳೆಹಣ್ಣು ಹಿಡಿದುಕೊಂಡು ಹೋಗಿ, "ಆಗ ಬರೋಕಾಗಲಿಲ್ಲ, ಏನಾಗಿತ್ತು ಹೇಳಿ" ಅಂತ ಕೇಳಿ. ದೊಡ್ಡಮ್ಮ ಪೂರ್ತಿ ಕಥೆ ಹೇಳಿದ್ದು ಹೋದ ವರ್ಷ ನಾವು ಹೀಗೆ ಹೋಗಿ ಕೂತಾಗ. ಮೂರು ಗಂಟೆ ಹಿಡಿಯಿತು. ದೊಡ್ಡಪ್ಪ ಆಂಬುಲೆನ್ಸ್ ಹತ್ತುವ ಮೊದಲು ಹಟ್ಟಿಗೆ ಹೋಗಿ ದನದ ಕಣ್ಣಿ ಸಡಿಲ ಮಾಡಿ ಬಂದರಂತೆ. ಅದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಹೋಗಿ ಕೂತರೆ ಎಲ್ಲ ಸರಿಹೋಗುತ್ತದೆ ಅಂತ ಅಲ್ಲ. ಔಷಧಿ ಬೇಕಾದವರಿಗೆ ಔಷಧಿಯೇ ಬೇಕು. ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲೇ ಬರೆದು, ಊರೂರಲ್ಲಿ ಮಾತಾಡಿ, ನಾಚಿಕೆ ಬಿಡಿಸಿದ ಮನೋವೈದ್ಯ ಡಾ. ಅಶೋಕ್ ಪೈ ಅವರು ಬದುಕಿ ಕೆಲಸ ಮಾಡಿದ ಊರು ಶಿವಮೊಗ್ಗ. ಅವರು 2016ರಲ್ಲಿ ತೀರಿಕೊಂಡರು. ಆ ಕೆಲಸ ನಿಲ್ಲಬಾರದು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆದರೆ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಲ್ಲಿ, ಮನಸ್ಸು ಕುಸಿದವರು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಕರೆ ಮಾಡಬೇಕಾ? ಟವರ್ ಕೊಡಿ ಅನ್ನುವ ಬೇಡಿಕೆ ಆರೋಗ್ಯದ ಬೇಡಿಕೆಯೂ ಹೌದು. ಗ್ರಾಮಸಭೆಯಲ್ಲಿ ಹಾಗೇ ಬರೆಸಬೇಕು.

ಇನ್ನೊಂದು, ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಕರ್ನಾಟಕದಲ್ಲಿದೆ. ಎಷ್ಟೋ ಜನಕ್ಕೆ ಇದರ ಸುದ್ದಿಯೇ ಗೊತ್ತಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ ಕಡೆಯವರು ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ, ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಬಸ್ಸಿಗೆ ಹೊರಟರೆ ಸರಿಯಾಗುತ್ತದೆ ಅಂತ ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡಿ, ಡೈರಿಯಲ್ಲಿ, ಸೊಸೈಟಿಯಲ್ಲಿ ಅಂಟಿಸೋಣ.